ಇಬ್ಬರ ವಯಸ್ಸು ಸೇರಿ ತೊಂಬತ್ತೊಂದು

ಹೋದ ವಾರ ಜ್ಞಾನಭಾರತಿ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ಯಾರದೋ ಮಾರ್ಕ್ಸ್ ಕಾರ್ಡನ್ನು ಲ್ಯಾಮಿನೇಟ್ ಮಾಡುತ್ತಿದ್ದ. ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರ ಜೊತೆಗೆ ಯಂತ್ರದಿಂದ ಆಗಷ್ಟೇ ಹೊರಬಿದ್ದ ಬೆಚ್ಚನೆಯ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ವರ್ಷದ ಹಿಂದಿನ ಮಳೆಗಾಲ ಕಣ್ಣ ಮುಂದೆ ಬಂತು. ಆ ವರ್ಷ ನಾನು ಮತ್ತು ನನ್ನ ಹೆಂಡತಿ ಶಶಿಕಲಾ ಮಗುವೊಂದನ್ನು ದತ್ತು ತೆಗೆದುಕೊಳ್ಳಲು ಓಡಾಡುತ್ತಿದ್ದೆವು. ಮದುವೆ ಸರ್ಟಿಫಿಕೇಟು, ಸಂಬಳದ ಚೀಟಿ, ಡಾಕ್ಟರ ಪತ್ರ, ಪೊಲೀಸರ ಪತ್ರ, ಎಲ್ಲಕ್ಕೂ ಮೂರು ಮೂರು ಪ್ರತಿ. ಹೊರಗೆ ಮಳೆ, ಒಳಗೆ ಇದೇ ವಾಸನೆ. ನೆನೆಯದಿರಲೆಂದು ಕಾಗದಗಳನ್ನು ಅಂಗಿಯೊಳಗೆ ಹೊಟ್ಟೆಗೆ ಅವಚಿಕೊಂಡು ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಗೆ ಸ್ಕೂಟರ್ ಓಡಿಸುತ್ತಿದ್ದೆ.

ನಾನು ಅದೇ ಗೇಟಿನೊಳಗಿನ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತ. ಇಪ್ಪತ್ತು ವರ್ಷದಿಂದ ಕೌಂಟರಿನ ಈಚೆ ಕೂತು ಹುಡುಗರಿಗೆ ಒಂದೇ ಮಾತು ಹೇಳಿಕೊಂಡು ಬಂದಿದ್ದೇನೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಏನಿದೆಯೋ ಅದೇ ನೀನು ಹುಟ್ಟಿದ ದಿನ. "ಸಾರ್, ಅದು ತಪ್ಪು ಸಾರ್. ಬೇಕಾದ್ರೆ ನಮ್ಮಮ್ಮನ್ನ ಕೇಳಿ" ಎನ್ನುತ್ತಾರೆ. "ನಿಮ್ಮಮ್ಮಂಗೆ ಗೊತ್ತಿರ್ಬೋದಪ್ಪಾ, ದಾಖಲೆಗೆ ಗೊತ್ತಿಲ್ಲ" ಎಂದು ಅರ್ಜಿಯನ್ನು ವಾಪಸು ಕೊಡುತ್ತೇನೆ. ನಿಯಮವೆಂದರೆ ನನಗೆ ಇಷ್ಟ. ಹಾಗೆ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಎಲ್ಲರಿಗೂ ಒಂದೇ ಅಳತೆ ಇದ್ದರೆ ಯಾರೂ ಯಾರ ಕಾಲಿಗೂ ಬೀಳಬೇಕಾಗಿಲ್ಲ ಎನ್ನುವುದು ನನ್ನ ನಂಬಿಕೆ.

ಆಗ ನಮ್ಮ ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಡಾಕ್ಟರುಗಳನ್ನು ನೋಡಿದ್ದಾಗಿತ್ತು, ದೇವರುಗಳನ್ನು ನೋಡಿದ್ದಾಗಿತ್ತು. ಆ ವರ್ಷ ಯುಗಾದಿ ಕಳೆದ ಮೇಲೆ ಶಶಿ ಆಸ್ಪತ್ರೆಯ ಫೈಲನ್ನೆಲ್ಲ ಗಂಟು ಕಟ್ಟಿ ಸಜ್ಜೆಯ ಮೇಲೆ ಎಸೆದಳು. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮಿಷನ್ನಿನ ಮುಂದೆ ಕೂತು, ದಾರ ಪೋಣಿಸುತ್ತಾ ಹೇಳಿದಳು: "ಸಾಕು ರೀ. ನನ್ನ ಹೊಟ್ಟೇಲೇ ಹುಟ್ಬೇಕು ಅಂತ ಏನಿಲ್ಲ. ಆದ್ರೆ ಚಿಕ್ಕದು ಬೇಕು. ಹೆಗಲ ಮೇಲೆ ಹಾಕ್ಕೊಂಡು ಮಲಗಿಸೋ ಅಷ್ಟು ಚಿಕ್ಕದು. ಮೊದಲನೇ ಮಾತು ನನ್ನ ಹತ್ರಾನೇ ಆಡ್ಬೇಕು." ಅವಳು ಬೇರೇನನ್ನೂ ಯಾವತ್ತೂ ನನ್ನಲ್ಲಿ ಹೀಗೆ ಬಿಡಿಸಿ ಕೇಳಿದವಳಲ್ಲ. ಆಗಲಿ ಎಂದೆ.

ನಮ್ಮವ್ವನ ಬಳಿ ಅದಕ್ಕೆ ಸಿದ್ಧ ಉತ್ತರವಿತ್ತು. ಅವ್ವ ಇಲ್ಲೇ ಹತ್ತಿರದ ಉಲ್ಲಾಳದವಳು, ಉಲ್ಲಾಳ ಇನ್ನೂ ಹಳ್ಳಿಯಾಗಿದ್ದಾಗಿನವಳು. ಅವಳ ಪ್ರಕಾರ ದತ್ತು ಎಂದರೆ ಒಂದೇ ದಾರಿ. ಒಡಹುಟ್ಟಿದವರ ಮನೆಯಲ್ಲಿ ಎರಡನೆಯದೋ ಮೂರನೆಯದೋ ಹುಟ್ಟಿದಾಗ ಅದನ್ನು ತಂದು ಇಲ್ಲದವರ ಮಡಿಲಿಗೆ ಹಾಕುವುದು. ಕೆಂಗೇರಿ ಉಪನಗರದಲ್ಲಿರುವ ನನ್ನ ತಂಗಿ ಸುಮಿಗೆ ಎರಡನೆಯ ಹೆಣ್ಣುಮಗು ಹುಟ್ಟಿ ಹತ್ತು ತಿಂಗಳಾಗಿತ್ತು. "ಅಂಗೈಯಾಗೆ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ್ರಂತೆ" ಎಂದ ಅವ್ವ ಒಂದು ಭಾನುವಾರ ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಕೆಂಗೇರಿಗೆ ಹೊರಟೇಬಿಟ್ಟಳು. ಹೋದವಳೇ, ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಮಗಳಿಗೆ ಹೇಳಿದಳು: "ಚಿಕ್ಕದನ್ನ ಅಣ್ಣನ ಮಡ್ಲಿಗೆ ಹಾಕ್ಬಿಡು ಕಣವ್ವಾ. ಬ್ಯಾರೆ ಯಾರಿಗೂ ಅಲ್ವಲ್ಲ."

ಸುಮಿ ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ನನ್ನ ಮುಖ ನೋಡಲಿಲ್ಲ. "ಅಣ್ಣ ಹೆಂಗ್ ಹೇಳಿದ್ರೆ ಹಂಗೆ" ಎಂದಳು. ಅವಳು ನಿಜವಾಗಿ ಕೊಟ್ಟುಬಿಡುತ್ತಿದ್ದಳು. ಚಿಕ್ಕಂದಿನಿಂದಲೂ ಅಷ್ಟೇ, ನಾನು ಕೇಳಿದ್ದನ್ನು ಇಲ್ಲವೆಂದವಳಲ್ಲ. ಶಶಿ ಎದ್ದು ಹೋಗಿ ಮಗುವಿನ ಕೆನ್ನೆ ಸವರಿದಳು. "ಸುಮಿ, ನಿನ್ನ ಮಗು ನಿನ್ನ ಹತ್ರಾನೇ ಇರ್ಲಿ. ಹಬ್ಬ ಹಬ್ಬಕ್ಕೂ ನೀನು ನಮ್ಮನೆಗೆ ಬಂದಾಗ ಇವಳು ಯಾರ ಕಡೆ ಓಡ್ತಾಳೆ ಅಂತ ನಾನು ಕಾಯ್ಕೊಂಡು ನಿಲ್ಲೋಕಾಗಲ್ಲ ಕಣೇ" ಎಂದಳು. ಸುಮಿ ಅತ್ತುಬಿಟ್ಟಳು. ಅವಳನ್ನು ಸಮಾಧಾನ ಮಾಡುವುದೇ ಆ ಮಧ್ಯಾಹ್ನದ ಕೆಲಸವಾಯಿತು.

ಉಳಿದವರ ಸಲಹೆಗಳಿಗೂ ಬರವಿರಲಿಲ್ಲ. ಎದುರು ಮನೆಯವರಿಗೆ ಪರಿಚಯದ ನರ್ಸೊಬ್ಬರಂತೆ, ಹುಟ್ಟಿದ ಮಗುವನ್ನು ಯಾವ ಕಾಗದವೂ ಇಲ್ಲದೆ ನೇರವಾಗಿ ಕೈಗೆ ಕೊಡಿಸುತ್ತಾರಂತೆ. ಅದು ದತ್ತು ಅಲ್ಲ, ಅಪರಾಧ ಎಂದು ಹೇಳಿ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ನಾವು ಸರ್ಕಾರದ ದಾರಿಯಲ್ಲೇ ಹೋಗುವುದೆಂದು ನಿಶ್ಚಯವಾಯಿತು. ದತ್ತುವಿಗೆ ಸರ್ಕಾರದ್ದೇ ಜಾಲತಾಣವಿದೆ. ಅಲ್ಲಿ ಹೆಸರು ನೋಂದಾಯಿಸಿ, ದಾಖಲೆ ಏರಿಸಿ, ಸರದಿ ಕಾಯಬೇಕು. ಅರ್ಜಿ ತುಂಬುವುದೆಂದರೆ ನನಗೆ ಹಬ್ಬ. ಆಷಾಢದ ಒಂದು ಶನಿವಾರ ಕಂಪ್ಯೂಟರ್ ಮುಂದೆ ಕೂತೆ.

ಅಲ್ಲಿದ್ದ ಒಂದು ನಿಯಮ ಮಾತ್ರ ನಾನು ಅಂದುಕೊಂಡಿರದದ್ದು. ಯಾವ ವಯಸ್ಸಿನ ಮಗು ಸಿಗುತ್ತದೆ ಎನ್ನುವುದು ಗಂಡ ಹೆಂಡಿರ ವಯಸ್ಸನ್ನು ಕೂಡಿಸಿದಾಗ ಬರುವ ಮೊತ್ತದ ಮೇಲೆ ನಿಂತಿದೆ. ಎರಡು ವರ್ಷದೊಳಗಿನ ಮಗುವಿಗೆ ನಮ್ಮ ಕಾಲ ಹೇಗೂ ಮೀರಿತ್ತು. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಮೊತ್ತ ತೊಂಬತ್ತು ದಾಟಬಾರದು. ನನಗೆ ನಲವತ್ತಾರು, ಶಶಿಗೆ ನಲವತ್ತೈದು. ತೊಂಬತ್ತೊಂದು. ಒಂದೇ ಒಂದು ವರ್ಷ ಹೆಚ್ಚು. ಇನ್ನು ನಮಗಿದ್ದದ್ದು ನಾಲ್ಕು ದಾಟಿದ ಮಕ್ಕಳು. ಶಶಿ ನನ್ನ ಹಿಂದೆ ನಿಂತು ಓದಿದಳು. ನಲವತ್ತಾರು, ನಲವತ್ತೈದು ಎಂದು ಬಾಯಿಬಿಟ್ಟೇ ಕೂಡಿಸಿ ನೋಡಿದಳು.

ಬಾಗಿಲಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದ ಅವ್ವ, "ಯಾರಿಗೋ ನಲವತ್ತಾರು?" ಎಂದಳು.

"ನಂಗೇ ಅವ್ವಾ."

"ನಿಂಗೆಲ್ಲಿ ನಲವತ್ತಾರು? ನಲವತ್ನಾಲ್ಕು ಈಗ. ಗೌರಿ ಹಬ್ಬ ಆಗಿ ಎಲ್ಡು ದಿನಕ್ಕೆ ನಲವತ್ತೈದಾಯ್ತದೆ."

ಆಮೇಲೆ ಬಂದದ್ದು ನಲವತ್ತು ವರ್ಷ ಅವ್ವನ ಹೊಟ್ಟೆಯಲ್ಲೇ ಇದ್ದ ಸುದ್ದಿ. ಆಗ ಅವಳು ಊದುಬತ್ತಿ ಹೊಸೆಯುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಐದೂ ತುಂಬದ ನನ್ನನ್ನು ಊರ ಶಾಲೆಗೆ ಕರೆದುಕೊಂಡು ಹೋಗಿ, ಆರು ತುಂಬಿದೆ ಎಂದಳು. ಆಗೆಲ್ಲ ಹೆಡ್‌ಮಾಸ್ಟರಿಗೆ ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ಸೇರಿಸಿಕೊಳ್ಳುತ್ತಿದ್ದರು. ನನ್ನ ಕೈ ಆಗಲೂ ಉದ್ದ, ಮುಟ್ಟಿಬಿಟ್ಟೆ. ಮೇಷ್ಟ್ರು ಎಲ್ಲರಿಗೂ ಬರೆಯುವಂತೆ ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ಆಫೀಸಿನಲ್ಲಿ ನನ್ನ ವಯಸ್ಸಿನವರು ಬಹಳ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು, ಹಾಗಾಗಿ ನನಗೆ ಅನುಮಾನವೇ ಬಂದಿರಲಿಲ್ಲ. ಜಾತಕ ಬರೆಸುವ ಪದ್ಧತಿ ನಮ್ಮಲ್ಲಿಲ್ಲ, ನಮ್ಮ ಮದುವೆಯೂ ಹೆಸರುಬಲ ನೋಡಿಯೇ ಆದದ್ದು.

ಶಶಿ ಮೊದಲು ನಕ್ಕಳು. "ಹಂಗಾದ್ರೆ ನಾನೇ ನಿಮಗಿಂತ ದೊಡ್ಡೋಳು. ಇನ್ಮೇಲೆ ಅಕ್ಕಾ ಅನ್ನಿ" ಎಂದಳು. ನಗು ಮುಗಿಯುವ ಮೊದಲೇ ಅವಳಿಗೆ ಲೆಕ್ಕ ಹೊಳೆಯಿತು. ನಲವತ್ನಾಲ್ಕು, ನಲವತ್ತೈದು. ಎಂಬತ್ತೊಂಬತ್ತು. "ರೀ, ಸರಿ ಮಾಡಿಸ್ಬೋದಲ್ವಾ? ಅತ್ತೆ ಬಂದು ಹೇಳ್ತಾರೆ. ನಾವೇನ್ ಸುಳ್ಳು ಬರೆಸಲ್ವಲ್ಲ, ನಿಜಾನೇ ಬರೆಸೋದು."

ಇಪ್ಪತ್ತು ವರ್ಷ ಕೌಂಟರಿನ ಆಚೆಯಿಂದ ಕೇಳಿದ್ದ ಮಾತನ್ನು ಅವತ್ತು ಮನೆಯೊಳಗೆ ಕೇಳಿದೆ. ನಿಜ ಹೌದು, ಆದರೆ ಪುರಾವೆ ಇಲ್ಲ. ನಾನು ಹುಟ್ಟಿದ್ದು ಮನೆಯಲ್ಲಿ, ಹೆರಿಗೆ ಮಾಡಿಸಿದ ಮುದುಕಿ ಸತ್ತು ಬಹಳ ಕಾಲವಾಗಿದೆ. ಗೇಟಿನ ಎದುರಿನ ಟೈಪಿಂಗ್ ಅಂಗಡಿಯವನು, "ಸಾರ್, ಒಂದು ಅಫಿಡವಿಟ್ಟು, ಒಂದು ಹಳೇ ಆಸ್ಪತ್ರೆ ಚೀಟಿ, ನಾನ್ ನೋಡ್ಕೋತೀನಿ ಬಿಡಿ" ಎಂದ. ನಿಜವಾದ ತಾರೀಖಿಗೆ ಸುಳ್ಳು ಚೀಟಿ. ಮೇಲಾಗಿ ತಾರೀಖು ತಿದ್ದಿದರೆ ನನ್ನ ನಿವೃತ್ತಿಯೂ ಮುಂದಕ್ಕೆ ಹೋಗುತ್ತದೆ, ಅದಕ್ಕೇ ತಿದ್ದಿಸಿದ ಎಂದು ಆಫೀಸೆಲ್ಲ ಆಡಿಕೊಳ್ಳುತ್ತದೆ. ಆಗುವುದಿಲ್ಲ ಎಂದು ಶಶಿಗೆ ಹೇಳಿದೆ. ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮಿಷನ್ನು ಮಾತ್ರ ಬಿಡದೆ ಓಡುತ್ತಿತ್ತು. ಅವ್ವ ಅಡುಗೆಮನೆಯಲ್ಲಿ, "ನನ್ನ ನಾಲಿಗೆಗೆ ಬೆಂಕಿ ಬೀಳ" ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನಾನು ನಿಯಮ ನೆಚ್ಚಿಕೊಂಡ ಮನುಷ್ಯ ಎಂದೆನಲ್ಲ, ಆ ಎರಡು ದಿನ ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು.

ಮೂರನೆಯ ದಿನ ಸಂಜೆ ನಾನು ಬರುವಷ್ಟರಲ್ಲಿ ಶಶಿ ಮೊಬೈಲಿನಲ್ಲಿ ಆ ಜಾಲತಾಣವನ್ನು ಪೂರ್ತಿ ಓದಿ ಕೂತಿದ್ದಳು. "ನೋಡ್ರೀ, ಎಲ್ರೂ ಕೈಗೂಸೇ ಬೇಕು ಅಂತ ಕ್ಯೂನಲ್ಲಿ ನಿಂತಿದಾರೆ. ದೊಡ್ಡ ಮಕ್ಕಳು, ಯಾರಾದ್ರೂ ಬರ್ತಾರಾ ಅಂತ ಅವರೇ ಕ್ಯೂನಲ್ಲಿ ನಿಂತಿದಾರೆ. ನಾವು ಆ ಕ್ಯೂ ಕಡೆ ಹೋಗೋಣ" ಎಂದಳು. ಮೊಬೈಲನ್ನು ಕೆಳಗಿಟ್ಟು, "ಹೆಗಲ ಮೇಲೆ ಹಾಕ್ಕೊಳ್ಳೋದು ಈ ಜನ್ಮಕ್ಕಿಲ್ಲ ಬಿಡಿ" ಎಂದು ಕಣ್ಣೊರೆಸಿಕೊಂಡಳು. ನಾನು ಕಾಫಿ ಮಾಡಿ ಕೊಟ್ಟೆ. ತೊಂಬತ್ತೊಂದನ್ನು ಹಾಗೇ ತುಂಬಿ ಅರ್ಜಿ ಕಳಿಸಿದೆವು.

ಅವ್ವನಿಗೆ ಇದು ಒಗ್ಗಲಿಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?" ಎಂದಳು.

"ಬಗ್ಗಿಸೋಕೆ ಯಾಕೆ ತರ್ತೀವಿ ಅತ್ತೆ?" ಎಂದು ಶಶಿ ಮಿಷನ್ ತುಳಿದಳು.

ಗಣೇಶನ ಹಬ್ಬದ ಹೊತ್ತಿಗೆ ಮನೆ ನೋಡಿ ವರದಿ ಬರೆಯಲು ಸಮಾಜ ಕಾರ್ಯಕರ್ತೆಯೊಬ್ಬರು ಬರುತ್ತಾರೆಂದು ತಿಳಿಯಿತು. ಅವ್ವ ಅದನ್ನು ಹೆಣ್ಣು ನೋಡುವ ಶಾಸ್ತ್ರವೆಂದೇ ತಿಳಿದಳು. ಕೇಸರಿಬಾತು, ಬಜ್ಜಿ ಮಾಡಿಸಿದಳು. ಶಶಿಗೆ ರೇಷ್ಮೆ ಸೀರೆ ಉಡು ಎಂದಳು. ನನ್ನ ದೊಡ್ಡಪ್ಪನನ್ನು ಹಿರಿಯರೊಬ್ಬರು ಇರಲಿ ಎಂದು ಉಲ್ಲಾಳದಿಂದ ಕರೆಸಿ ಸೋಫಾದ ಮೇಲೆ ಕೂರಿಸಿದಳು. ಬಂದ ಮೇಡಂಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಹೆಲ್ಮೆಟ್ ತೆಗೆದವರೇ ದೊಡ್ಡಪ್ಪನನ್ನು ನಗುತ್ತಲೇ ಹೊರಗೆ ಕಳಿಸಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದರು. ಜಗಳ ಆಡುತ್ತೀರಾ, ಆಡಿದರೆ ಯಾರು ಮೊದಲು ಮಾತಾಡುತ್ತೀರಿ, ಮಗು ಏನಾದರೂ ಕದ್ದು ತಂದರೆ ಏನು ಮಾಡುತ್ತೀರಿ. ಅವ್ವನ ಸರದಿ ಬಂದಾಗ ಪ್ರಶ್ನೆ ಕೇಳಿದ್ದು ಅವ್ವನೇ. ದತ್ತು ಯಾರು ಯಾರು ತೆಗೆದುಕೊಳ್ಳಬಹುದು ಎಂದಳು. ಮೇಡಂ ತಾಳ್ಮೆಯಿಂದ ಹೇಳಿದರು. ನೆಂಟರ ಮಗುವನ್ನು ತೆಗೆದುಕೊಳ್ಳುವವರೂ ಕ್ರಮವಾಗಿ ಕಾಗದ ಮಾಡಿಸಬೇಕು. ಮರುಮದುವೆಯಾದವರು ಹೆಂಡತಿಯ ಮೊದಲ ಮದುವೆಯ ಮಗುವನ್ನು ತಮ್ಮದಾಗಿಸಿಕೊಳ್ಳಬಹುದು. ಕಾಯಿಲೆಯೋ ಅಂಗದ ತೊಂದರೆಯೋ ಇರುವ ಮಕ್ಕಳನ್ನು ಬೇಕೆಂದೇ ಕೇಳಿ ತೆಗೆದುಕೊಳ್ಳುವವರಿದ್ದಾರೆ. ಮೊದಲು ಸಾಕಲು ತಂದು, ಹೊಂದಿಕೆಯಾದ ಮೇಲೆ ದತ್ತು ಮಾಡಿಕೊಳ್ಳುವ ದಾರಿಯೂ ಇದೆ. ಒಂಟಿ ಹೆಂಗಸರೂ ತೆಗೆದುಕೊಳ್ಳುತ್ತಾರೆ.

"ಮದ್ವೆ ಆಗ್ದೇ ಇದ್ರೂವಾ?" ಎಂದಳು ಅವ್ವ.

"ಹೂಂ ಅಜ್ಜಿ. ನಾನೂ ಇನ್ನೆರಡು ವರ್ಷ ಬಿಟ್ಟು ತಗೋಬೇಕು ಅಂತಿದೀನಿ."

ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, ಬಜ್ಜಿಯ ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದಳು. ಅವತ್ತಿನಿಂದ ಅವ್ವ ಮರ ಗಿಡದ ಮಾತನ್ನು ಎತ್ತಲಿಲ್ಲ.

ಕಾರ್ತಿಕ ಕಳೆದು ಚಳಿ ಬಿದ್ದಾಗ ಮಗುವೊಂದರ ವಿವರ ಬಂತು. ಹೆಸರು ನೀಲಾ. ಆರು ವರ್ಷ. ಉತ್ತರದ ಜಿಲ್ಲೆಯೊಂದರ ಮಕ್ಕಳ ಮನೆಯಲ್ಲಿ ಎರಡು ವರ್ಷದವಳಿದ್ದಾಗಿನಿಂದ ಬೆಳೆದವಳು. ಹುಟ್ಟಿದ ತಾರೀಖನ್ನು ಡಾಕ್ಟರು ಹಲ್ಲು ನೋಡಿ ಅಂದಾಜಿಗೆ ಬರೆದದ್ದು ಎಂದು ಓದಿ ಹೇಳಿದೆ. ಅವ್ವ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಳು. ನಾವಿಬ್ಬರೂ ರೈಲು ಹತ್ತಿದೆವು.

ಆ ಮನೆಯ ಅಂಗಳದಲ್ಲಿ ನೀಲಾ ಎರಡು ಜಡೆ ಹಾಕಿಸಿಕೊಂಡು ಕಾಯುತ್ತಿದ್ದಳು. ನೇರವಾಗಿ ಶಶಿಯ ಹತ್ತಿರ ಬಂದು, "ಅಮ್ಮಾ, ಚಾ ಕುಡೀತೀರೇನ್ರಿ?" ಎಂದಳು. ಶಶಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ಐದು ನಿಮಿಷವಾಗಿರಲಿಲ್ಲ, ಅಡುಗೆಯಾಕೆ ಹೊರಗೆ ಬಂದರು. ನೀಲಾ ಅವರನ್ನೂ ಅಮ್ಮಾ ಎಂದಳು. ಲೆಕ್ಕ ಬರೆಯುವಾಕೆಯನ್ನು ಅಮ್ಮಾ ಎಂದಳು. ಗುಡಿಸಲು ಬಂದವಳನ್ನೂ ಅಮ್ಮಾ ಎಂದಳು. ಆ ಮನೆಯಲ್ಲಿ ಸೀರೆ ಉಟ್ಟವರೆಲ್ಲರೂ ಅಮ್ಮನೇ. ಶಶಿ ಕಣ್ಣೊರೆಸಿಕೊಂಡು ಎದ್ದು ನಿಂತಳು.

ಆ ವಯಸ್ಸಿನ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಮನೆಯ ಮುಖ್ಯಸ್ಥೆ, "ಇವರ ಜೋಡಿ ಬೆಂಗಳೂರಿಗೆ ಹೋಗ್ತಿಯೇನವಾ?" ಎಂದು ಕೇಳಿದರು. ನೀಲಾ ನನ್ನನ್ನು ನೋಡಿದಳು. "ನಿಮ್ಮನ್ಯಾಗ ಎಷ್ಟ್ ಮಂದಿ ಅದಾರ್ರಿ?" ಮೂರು ಎಂದೆ. ಬೆರಳು ಮಡಚಿ, "ನಾ ಬಂದ್ರ ನಾಕು" ಎಂದಳು. ಇದು ನಮ್ಮನೆಯ ಲೆಕ್ಕಕ್ಕೆ ಸರಿಹೊಂದುವ ಹುಡುಗಿ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಸಂಕ್ರಾಂತಿಗೆ ಅವಳು ನಮ್ಮನೆಯಲ್ಲಿ ಎಳ್ಳು ಬೀರಿದಳು. ಆಗಿನ್ನೂ ಕಾಗದ ಪೂರ್ತಿಯಾಗಿರಲಿಲ್ಲ, ಆದೇಶ ಬರುವ ತನಕ ಸಾಕಲು ಕೊಟ್ಟಿದ್ದರಷ್ಟೇ. ಅವಳಷ್ಟು ಒಳ್ಳೆಯ ಮಗುವನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಎಬ್ಬಿಸುವ ಮೊದಲೇ ಎದ್ದು ಹೊದಿಕೆ ಮಡಿಸುತ್ತಿದ್ದಳು. ತನ್ನ ತಟ್ಟೆಯ ಜೊತೆ ನಮ್ಮ ತಟ್ಟೆಗಳನ್ನೂ ತೊಳೆದಿಡುತ್ತಿದ್ದಳು. ನೀರು ಕುಡಿಯಲೂ, "ಕುಡೀಲೇನ್ರಿ?" ಎಂದು ಕೇಳುತ್ತಿದ್ದಳು. ಎರಡು ಬಣ್ಣದ ಲಂಗ ತೋರಿಸಿ ಯಾವುದು ಬೇಕೆಂದರೆ, "ನೀವು ಕೊಟ್ಟಿದ್ದು ಸಾಕ್ರಿ" ಎನ್ನುತ್ತಿದ್ದಳು. ಪಕ್ಕದ ಮನೆಯ ಗಿರಿಜಕ್ಕನನ್ನು ಅಮ್ಮಾ ಎಂದಳು, ಹೂವಿನವಳನ್ನೂ ಅಮ್ಮಾ ಎಂದಳು. ಅವ್ವ, "ಬಂಗಾರದಂಥ ಮಗ" ಎಂದು ಬೀಗಿದಳು. ಶಶಿ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದಳು.

ಹೊಂಗೆ ಹೂ ಉದುರುವ ಕಾಲಕ್ಕೆ ಜಿಲ್ಲಾಧಿಕಾರಿಗಳ ಆದೇಶ ಬಂತು. ನಾನು ಅದನ್ನು ಮೂರು ಪ್ರತಿ ಮಾಡಿಸಿ, ಸಿಹಿ ಕಟ್ಟಿಸಿಕೊಂಡು ಮನೆಗೆ ಬಂದೆ. ಶಶಿ ಕಾಗದವನ್ನು ಎರಡು ಸಲ ಓದಿ ದೇವರ ಮುಂದೆ ಇಟ್ಟಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: "ಆದೇಶ ಬಂತು ರೀ. ಮಗು ಇನ್ನೂ ಬಂದಿಲ್ಲ. ನಾನೂ ಆ ಅಡುಗೆ ಅಮ್ಮ, ಆಫೀಸ್ ಅಮ್ಮನ ಥರ ಇನ್ನೊಬ್ಬ ಅಮ್ಮ, ಅಷ್ಟೇ. ನನ್ನನ್ನ ಕಂಡ್ರೆ ಅವಳಿಗೆ ಭಯ. ಎಲ್ಲಿ ವಾಪಸ್ ಕಳಿಸ್ತೀನೋ ಅಂತ ಒಳ್ಳೆಯವಳಾಗಿದಾಳೆ." ಮನೆ ನೋಡಲು ಬಂದಿದ್ದ ಮೇಡಂಗೆ ನಾನು ಫೋನ್ ಮಾಡಿದೆ. "ಅವಳ ಲೆಕ್ಕಕ್ಕೆ ಅವಳಿನ್ನೂ ನೆಂಟರ ಮನೇಲಿದಾಳೆ ಸಾರ್. ಕಾಯ್ರಿ, ಆತುರ ಬೇಡ" ಎಂದರು. ಕಾಯುವುದನ್ನು ಬಿಟ್ಟರೆ ನಮಗೆ ಬೇರೆ ಕೆಲಸವೂ ಇರಲಿಲ್ಲ. ಶಶಿ ಅವಳಿಗೆ ತಲೆ ಬಾಚುತ್ತಾ, ಗುಂಡಿ ಹೊಲಿಯಲು ಕಲಿಸುತ್ತಾ ಆ ಬೇಸಿಗೆಯನ್ನು ಕಳೆದಳು.

ಮತ್ತೆ ಮಳೆಗಾಲ ಹಿಡಿಯಿತು. ಶಾಲೆ ಶುರುವಾಗಿ ಎರಡು ವಾರವಾಗಿತ್ತು. ಒಂದು ಬೆಳಿಗ್ಗೆ ಶಶಿ ತಟ್ಟೆಗೆ ಉಪ್ಪಿಟ್ಟು ಹಾಕಿ ನೀಲಾಳ ಮುಂದಿಟ್ಟಳು. ನೀಲಾ ತಟ್ಟೆಯನ್ನು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಆಚೆ ತಳ್ಳಿದಳು. ಅರ್ಧ ಉಪ್ಪಿಟ್ಟು ನೆಲದ ಮೇಲೆ ಚೆಲ್ಲಿತು.

"ನಂಗ ಬ್ಯಾಡ. ಅಲ್ಲೂ ಉಪ್ಪಿಟ್ಟು, ಇಲ್ಲೂ ಉಪ್ಪಿಟ್ಟು. ನಾ ಸಾಲಿಗೂ ಹೋಗಂಗಿಲ್ಲ."

ಅವ್ವ ಲೋಟ ಹಿಡಿದಲ್ಲೇ ನಿಂತಳು. ನಾನು ಶೂ ಹಾಕಿಕೊಳ್ಳುತ್ತಿದ್ದವನು ಹಾಗೇ ಕೂತೆ. ಶಶಿ ದನಿ ಏರಿಸಿ, "ಏಳು, ಅದನ್ನ ಬಳಿ" ಎಂದಳು. "ಏಳಂಗಿಲ್ಲ" ಎಂದ ನೀಲಾ ಮಿಷನ್ನಿನ ಕೆಳಗೆ ನುಗ್ಗಿ, ಕಾಲುಚೀಲ ಕಿತ್ತು ಎಸೆದಳು. ಅದರಲ್ಲೊಂದು ಶಶಿಯ ಸೀರೆಗೆ ಬಡಿಯಿತು. ನೀಲಾ ಹೆದರಿ ಮೇಲೆದ್ದು ತಪ್ಪಾಯ್ತೆನ್ನುತ್ತಾಳೆ ಎಂದುಕೊಂಡೆ. ಅವಳು ಹೆದರಲಿಲ್ಲ. ಜೋರಾಗಿ ಅಳತೊಡಗಿದಳು, ಬೀದಿಗೆಲ್ಲ ಕೇಳುವಂತೆ.

ಶಶಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಡನೆ ಗೇಟಿಗೆ ಹೋದಳು. ನಮ್ಮ ಬೀದಿಯಲ್ಲಿ ಬೆಳಗ್ಗೆ ಆ ಹೊತ್ತಿಗೆ ತಾಯಂದಿರೆಲ್ಲ ಗೇಟುಗಳಲ್ಲಿ ನಿಂತು ಶಾಲೆಯ ವ್ಯಾನಿಗೆ ಕಾಯುತ್ತಾರೆ. ಕಾಯುತ್ತಾ ತಮ್ಮ ತಮ್ಮ ಮಕ್ಕಳ ಮೇಲೆ ದೂರು ಹೇಳಿಕೊಳ್ಳುತ್ತಾರೆ. ಹಾಲು ಕುಡಿಯುವುದಿಲ್ಲ, ಮಾತು ಕೇಳುವುದಿಲ್ಲ, ಎದುರುತ್ತರ ಕೊಡುತ್ತಾನೆ. ಶಶಿ ಅಷ್ಟೂ ವರ್ಷ ರಂಗೋಲಿ ಬಿಡಿಸುತ್ತಾ ಅದನ್ನೆಲ್ಲ ಕೇಳಿಸಿಕೊಂಡು, ಹೇಳಲು ಏನೂ ಇಲ್ಲದೆ ಒಳಗೆ ಬರುತ್ತಿದ್ದಳು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

"ಏನ್ ಶಶಿ, ಬೆಳಗ್ಗೆ ಬೆಳಗ್ಗೆ ಗಲಾಟೆ?" ಎಂದರು ಗಿರಿಜಕ್ಕ.

"ಏನ್ ಹೇಳ್ಲಿ ಗಿರಿಜಕ್ಕಾ. ನಮ್ಮ ಹುಡುಗಿ ತಿಂಡಿ ತಿನ್ನಲ್ಲ ಅಂತ ತಟ್ಟೇನೇ ತಳ್ಬಿಟ್ಟಳು. ಸ್ಕೂಲಿಗೆ ಹೋಗಲ್ವಂತೆ. ಎಷ್ಟು ಹಠ ಅಂತೀರಾ, ನಂಗಂತೂ ಸಾಕಾಗ್ ಹೋಗಿದೆ."

"ಎಲ್ಲಾ ಮನೇಲೂ ಅದೇ ಕಣೇ ಕಥೆ. ನಮ್ದು ನಿನ್ನೆ ಟಿಫನ್ ಬಾಕ್ಸ್ ಹಂಗೇ ವಾಪಸ್ ತಂದಿದೆ."

"ನಮ್ಮದು ಕಾಲುಚೀಲದಲ್ಲೇ ಹೊಡೀತು ಗಿರಿಜಕ್ಕಾ" ಎಂದ ಶಶಿ ಗೇಟಿಗೆ ಒರಗಿ ನಿಂತಳು. ಮಳೆ ಹನಿಯುತ್ತಿತ್ತು. ವ್ಯಾನು ಬಂತು, ಎರಡು ಸಲ ಹಾರ್ನ್ ಹೊಡೆಯಿತು, ನೀಲಾ ಬರುವುದಿಲ್ಲವೆಂದು ತಿಳಿದು ಹೊರಟುಹೋಯಿತು. ಶಶಿಯ ದೂರು ಇನ್ನೂ ಮುಗಿದಿರಲಿಲ್ಲ.